ಅಜ್ಜ ಎಂದು ಹೆಸರಿಟ್ಟ ಹೆಡಿಂಗು

ನಾನು ಡಿಟಿಪಿ ಕಲಿತದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ರೆಸ್ಸಿನಲ್ಲಿ. ಕಲಿಸಿದವರು ಅಲ್ಲಿನ ಹಿರಿಯ ಆಪರೇಟರು. ದವಡೆಯಲ್ಲಿ ಸದಾ ಒಂದು ಅಡಿಕೆ ಹೋಳು ಇಟ್ಟುಕೊಂಡು, ಅದು ಬೀಳದ ಹಾಗೆ ಮಾತನಾಡುವ ಮನುಷ್ಯ. ಮೊದಲ ದಿನವೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪಾಠ ಹೇಳಿದರು.

"ನೋಡಮ್ಮಾ, ಪುಸ್ತಕ ಅಂದ್ರೆ ಒಂದು ಸಂಸಾರ. ಅಧ್ಯಾಯದ ಹೆಸರು ಅಜ್ಜ. ಅದರ ಕೆಳಗಿನ ಹೆಡಿಂಗು ಅಪ್ಪ. ಅದಕ್ಕೂ ಕೆಳಗಿಂದು ಮಗ. ಮಿಕ್ಕಿದ ಮ್ಯಾಟರ್ರೆಲ್ಲ ಮನೆಮಂದಿ."

"ಅಡಿಟಿಪ್ಪಣಿ ಸಾರ್?"

"ಅದು ಸೊಸೆ. ಸಣ್ಣ ಅಕ್ಷರದಲ್ಲಿ ಪುಟದ ತಳದಲ್ಲಿ ಇರ್ತಾಳೆ. ಯಾರೂ ಓದಲ್ಲ. ಆದ್ರೆ ಅವಳಿಲ್ದೆ ಥೀಸಿಸ್ ಪಾಸಾಗಲ್ಲ."

ನನಗೆ ಮದುವೆಯಾಗಿ ಆಗ ಆರು ತಿಂಗಳಾಗಿತ್ತು. ನಗು ಬಂತು, ಸಿಟ್ಟೂ ಬಂತು. ಆದರೆ ಕ್ರಮ ಮಾತ್ರ ಚೆನ್ನಾಗಿ ತಲೆಗೆ ಹತ್ತಿತು. ಕಂಪ್ಯೂಟರಿನಲ್ಲಿ ಪ್ಯಾರಾಗಳಿಗೆ ಸ್ಟೈಲ್ ಎಂದು ಮಾಡಿಟ್ಟುಕೊಳ್ಳಬಹುದು. ಅಕ್ಷರದ ಗಾತ್ರ, ದಪ್ಪ, ಮೇಲೆ ಕೆಳಗೆ ಬಿಡಬೇಕಾದ ಜಾಗ ಎಲ್ಲವನ್ನೂ ಒಂದು ಹೆಸರಿನ ಕೆಳಗೆ ಗಂಟು ಕಟ್ಟಿಟ್ಟರೆ, ಆಮೇಲೆ ಬೇಕಾದ ಕಡೆ ಆ ಹೆಸರನ್ನು ಕ್ಲಿಕ್ ಮಾಡಿದರೆ ಸಾಕು. ಆ ಹೆಸರು ಏನಿರಬೇಕೆಂಬುದು ನಮ್ಮ ಇಷ್ಟ. ನಮ್ಮಲ್ಲಿ ಅಜ್ಜ, ಅಪ್ಪ, ಮಗ, ಸೊಸೆ ಎಂದೇ ಇಟ್ಟಿದ್ದರು. ಮಾಗಡಿ ರೋಡಿನ ಒಂದು ಅಂಗಡಿಯಲ್ಲಿ ಮಸಾಲೆ ದೋಸೆ, ಇಡ್ಲಿ, ವಡೆ ಎಂದು ಇಡುತ್ತಿದ್ದರು. ಇನ್ನೊಂದು ಕಡೆ ದೇವಿಯರ ಹೆಸರು. ಗಿರಾಕಿ ಜಗಳವಾಡಿಕೊಂಡು ಫೈಲನ್ನು ಬೇರೆ ಅಂಗಡಿಗೆ ಒಯ್ದರೆ ಅಲ್ಲಿಯ ಆಪರೇಟರ್ ತಲೆ ಕೆರೆದುಕೊಳ್ಳಲಿ ಎಂಬುದು ಇದರ ಹಿಂದಿನ ಉದ್ದೇಶ. ಕಂಪ್ಯೂಟರಿನ ಜೊತೆಗೇ ಬರುವ ಹೆಸರುಗಳೂ ಇದ್ದವು: ಹೆಡಿಂಗ್ ಒನ್, ಹೆಡಿಂಗ್ ಟೂ. ಅವನ್ನು ನಾವು ಮುಟ್ಟುತ್ತಲೇ ಇರಲಿಲ್ಲ. ಕ್ಲಿಕ್ ಮಾಡಿದರೆ ಅಕ್ಷರ ನೀಲಿಯಾಗುತ್ತಿತ್ತು, ಕನ್ನಡ ಫಾಂಟು ಹಾರಿಹೋಗುತ್ತಿತ್ತು. ಅದೆಲ್ಲ ಆಫೀಸು ಗುಮಾಸ್ತರ ಕೆಲಸ, ನಮ್ಮಂಥ ಕಸುಬುದಾರರದಲ್ಲ ಎಂಬ ಜಂಬ ನಮಗೆಲ್ಲ ಇತ್ತು. ನನಗೆ ಒಂದು ಹಿಡಿ ಹೆಚ್ಚೇ ಇತ್ತು.

ಮುಂದೆ ನಾನೇ ಒಂದು ಅಂಗಡಿ ಹಾಕಿದೆ. ವಿಜಯನಗರದಿಂದ ಅತ್ತಿಗುಪ್ಪೆ ಕಡೆ ಹೋಗುವ ರಸ್ತೆಯಲ್ಲಿ, ಒಂದು ಮನೆಯ ಮೆಟ್ಟಿಲ ಕೆಳಗಿನ ಜಾಗ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಬಾಗಿಲಲ್ಲಿ ಒಂದು ಬೆಂಚು. ಮದುವೆ ಕಾಲದಲ್ಲಿ ಲಗ್ನಪತ್ರಿಕೆ, ಮಿಕ್ಕ ಕಾಲದಲ್ಲಿ ಜ್ಞಾನಭಾರತಿ ಕ್ಯಾಂಪಸ್ಸಿನ ಹುಡುಗ ಹುಡುಗಿಯರ ಥೀಸಿಸ್ಸು. "ಆಂಟಿ, ನಾಳೆ ಸಬ್ಮಿಷನ್, ಹೇಗಾದ್ರೂ ಮಾಡ್ಕೊಡಿ" ಎಂದು ಓಡಿಬರುತ್ತಿದ್ದರು. ಮೊದಲು ಬೈದು, ಆಮೇಲೆ ಮಾಡಿಕೊಡುತ್ತಿದ್ದೆ. ನನ್ನ ಬಾಯಿ ಜೋರು, ಕೆಲಸ ಚೊಕ್ಕ ಎಂದು ಆ ಬೀದಿಯಲ್ಲೆಲ್ಲ ಹೆಸರಿತ್ತು. ಈ ಎರಡರಲ್ಲಿ ಒಂದು ಸುಳ್ಳೆಂದು ಗೊತ್ತಾಗಲು ಕೆಲವು ವರ್ಷ ಹಿಡಿಯಿತು.

ನಾನು ಮೇಡಂ ಎಂದೇ ಕರೆದವರು ಬಂದದ್ದು ಎರಡು ಸಾವಿರದಾಚೆಯ ಮೊದಲ ದಶಕದ ಕೊನೆಕೊನೆಯಲ್ಲಿ, ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಬಿಳಿ ಕೋಲಿನಿಂದ ಮೆಟ್ಟಿಲ ಅಂಚನ್ನು ಎರಡು ಸಲ ತಟ್ಟಿ ನೋಡಿ, ತಲೆ ಬಗ್ಗಿಸಿ ಒಳಗೆ ಬಂದರು. ಕಣ್ಣಿರುವ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಆ ಮೆಟ್ಟಿಲಿಗೆ ತಲೆ ಹೊಡೆಸಿಕೊಂಡೇ ಬರುತ್ತಿದ್ದರು. ಇವರು ಹೊಡೆಸಿಕೊಳ್ಳಲಿಲ್ಲ. ನನಗಿಂತ ಐದಾರು ವರ್ಷ ದೊಡ್ಡವರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೆಗಲಿಗೆ ಎರಡು ದಪ್ಪ ಪುಸ್ತಕ ತುಂಬಿದ ಚೀಲ.

"ಅಕ್ಕಾರ, ಕನ್ನಡ ಟೈಪಿಂಗ್ ಮಾಡ್ತೀರೇನ್ರಿ?"

ಊರು ಗದಗದ ಕಡೆ. ಕೆಂಗೇರಿಯ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಅತಿಥಿಯೇ, ವರ್ಷ ಮುಗಿದ ಮೇಲೆ ಹೊರಡಿ ಎಂದರೆ ಹೊರಡಬೇಕು. ಅಲ್ಲೇ ಹತ್ತಿರದ ಹಾಸ್ಟೆಲಿನಲ್ಲಿ ವಾಸ. ಸರ್ಕಾರಿ ಕಾಲೇಜಿನ ಕಾಯಂ ಹುದ್ದೆಗಳಿಗೆ ಎಷ್ಟೋ ವರ್ಷಗಳ ಮೇಲೆ ಪರೀಕ್ಷೆ ಕರೆದಿದ್ದರು. ಇದ್ದಬದ್ದ ವಿನಾಯಿತಿಯನ್ನೆಲ್ಲ ಸೇರಿಸಿದರೂ ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಇದೇ ಕೊನೆಯ ಸಲ.

"ಇದರಾಗ ಆಗ್ಲಿಲ್ಲಂದ್ರ?" ಎಂದು ಕೇಳಿದೆ. ನನಗೆ ಕೇಳಬಾರದ್ದನ್ನು ಕೇಳುವ ಚಾಳಿ. ಅವರ ಮಾತಿನ ಧಾಟಿಯೂ ಅಂಟಿಕೊಂಡಿತ್ತು.

"ಆಗ್ಲಿಲ್ಲಂದ್ರ ಅಣ್ಣನ ಮನಿ ಐತಲ್ರೀ" ಎಂದರು. "ಪಡಸಾಲ್ಯಾಗ ಒಂದು ಕುರ್ಚಿ ಹಾಕ್ಯಾರ. ಹೊತ್ತಿಗೆ ಸರಿಯಾಗಿ ಊಟ ತಂದಿಡ್ತಾರ. ಬ್ಯಾರೆ ಏನೂ ತ್ರಾಸಿಲ್ರಿ. ಬರೇ ಕುಂದ್ರೂದು."

ಬರೇ ಕುಂದ್ರೂದು ಎಂಬ ಆ ಮಾತನ್ನು ಅವರು ದನಿ ಏರಿಸದೆ ಹೇಳಿದರು. ನಾನು ಅವರ ಚೀಲದ ಪುಸ್ತಕಗಳನ್ನು ಮೇಜಿನ ಮೇಲೆ ತೆಗೆಸಿದೆ.

ಆ ಪುಸ್ತಕಗಳು ಕರ್ನಾಟಕದ ಇತಿಹಾಸದ ಎರಡು ಸಂಪುಟ. ಅಂಗಡಿಯಲ್ಲಿ ಸಿಗದ ಹಳೆಯ ಪುಸ್ತಕ, ಪರೀಕ್ಷೆಗೆ ಅದೇ ಬೇಕು. ಓದಿ ಹೇಳುವವರು ಯಾರೂ ಇಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಒಂದು ಕಂಪ್ಯೂಟರಿಗೆ ಯಾರೋ ಪುಣ್ಯಾತ್ಮರು ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದರಂತೆ. ಅದು ಕನ್ನಡವನ್ನೂ ಹೇಗೋ ಓದುತ್ತದಂತೆ, ಮೂಗಿನಲ್ಲಿ ನೆಗಡಿ ಕಟ್ಟಿದವರ ಹಾಗೆ. ದಿನಕ್ಕೆ ಒಂದು ಗಂಟೆ ಅದು ಮೇಡಂಗೆ ಸಿಗುತ್ತಿತ್ತು. ಆ ಒಂದು ಗಂಟೆಯಲ್ಲಿ ಅದು ಓದಿ ಹೇಳಲು ಪುಸ್ತಕವನ್ನು ಯಾರಾದರೂ ಟೈಪು ಮಾಡಿಕೊಡಬೇಕಿತ್ತು.

"ಒಂದು ಮಾತು ಅಕ್ಕಾರ" ಎಂದರು. "ಅಧ್ಯಾಯದ ಹೆಸರಿಗೆಲ್ಲ ಹೆಡಿಂಗ್ ಒನ್ ಅನ್ನೂ ಸ್ಟೈಲೇ ಹಾಕ್ರಿ. ಅದರ ಕೆಳಗಿಂದಕ್ಕ ಹೆಡಿಂಗ್ ಟೂ. ಆಮ್ಯಾಲೆ ವೆಬ್ ಪೇಜ್ ಮಾಡಿ ಕೊಡ್ರಿ. ಎಚ್ ಕೀ ಒತ್ತಿದ್ರ ಅದು ಒಂದು ಹೆಡಿಂಗಿಂದ ಮುಂದಿನ ಹೆಡಿಂಗಿಗೆ ಜಿಗೀತೈತ್ರಿ. ನಿಮಗ ಪುಟ ತಿರುವಿದಂಗ, ನಮಗ ಅದು."

"ಹೆಡಿಂಗ್ ತಾನೇ? ಅದನ್ನ ನನಗೆ ಬಿಡಿ ಮೇಡಂ. ಹೆಡಿಂಗ್ ಹಾಕೋದೇ ನನ್ನ ಹೊಟ್ಟೆಪಾಡು."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಫೋನು ಬಂತು. ಲಗ್ನಪತ್ರಿಕೆಯಲ್ಲಿ ಹುಡುಗನ ಅತ್ತೆಯ ಹೆಸರು ಬಿಟ್ಟುಹೋಗಿದೆ ಎಂದು ಆ ಕಡೆಯವರು ಕೂಗಾಡಿದರು. ನಾನೂ ಕೂಗಾಡಿದೆ. ಫೋನಿಟ್ಟು ತಿರುಗಿದಾಗ ಮೇಡಂ ಪುಸ್ತಕಗಳನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿ ಎದ್ದು ನಿಂತಿದ್ದರು.

ಮನೆಯಲ್ಲಿ ಅತ್ತೆಗೆ ಈ ಸುದ್ದಿ ಹೇಳಿದೆ. ನಮ್ಮದು ದಾವಣಗೆರೆ ಕಡೆಯ ಮನೆತನ. ಬಂದವರಿಗೆ ಊಟ ಹಾಕದೆ ಕಳಿಸಿದರೆ ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ. "ವಿದ್ಯೆಗೆ ಮಾಡೋದೂ ದಾಸೋಹನೇ ಕಣೇ, ದುಡ್ಡು ಮುಟ್ಟಬೇಡ" ಎಂದರು. ಸರಿ ಎಂದೆ. ಸುಳ್ಳೇಕೆ ಹೇಳಲಿ, ಅತ್ತೆ ಹೇಳುವ ಮೊದಲೇ ನಾನು ಹಾಗೆ ನಿರ್ಧರಿಸಿದ್ದೆ. ಒಳ್ಳೆಯವಳು ಎನ್ನಿಸಿಕೊಳ್ಳುವ ಅವಕಾಶ ಡಿಟಿಪಿಯವರಿಗೆ ದಿನಾ ಸಿಗುವುದಿಲ್ಲ.

ಮೂರು ತಿಂಗಳು ಟೈಪು ಮಾಡಿದೆ. ಕಷ್ಟದ ಕೆಲಸವೇ. ನಾವು ಪುಸ್ತಕಗಳಿಗೆ ಬಳಸುತ್ತಿದ್ದ ಕನ್ನಡ ಫಾಂಟುಗಳು ಕಣ್ಣಿಗೆ ಮಾತ್ರ ಕನ್ನಡ, ಒಳಗೆಲ್ಲ ಇಂಗ್ಲಿಷ್ ಅಕ್ಷರದ ಕಸ. ಆ ಓದುವ ಸಾಫ್ಟ್‌ವೇರಿಗೆ ಒಳಗಿನ ಕಸವೇ ಕೇಳಿಸುತ್ತದೆ. ಅದಕ್ಕಾಗಿ ಒಳಗೂ ಹೊರಗೂ ಕನ್ನಡವೇ ಆಗಿರುವ ಯೂನಿಕೋಡ್ ಕಲಿತೆ. ಕೀಲಿಗಳ ಜಾಗವೇ ಬೇರೆ. ಹತ್ತು ವರ್ಷದಿಂದ ಪಳಗಿದ ಬೆರಳುಗಳು ಹೊಸದಾಗಿ ನಡೆಯಲು ಕಲಿಯುವ ಮಗುವಿನ ಹಾಗೆ ತಡವರಿಸಿದವು. ಒತ್ತಕ್ಷರ ಒಡೆದುಹೋದಲ್ಲೆಲ್ಲ ಮತ್ತೆ ಮತ್ತೆ ತಿದ್ದಿದೆ. ಮಧ್ಯಾಹ್ನದ ಊಟದ ಹೊತ್ತನ್ನೂ ಇದಕ್ಕೇ ಕೊಟ್ಟೆ. ಕದಂಬರು, ಗಂಗರು, ಚಾಲುಕ್ಯರು, ಹೊಯ್ಸಳರು ಎಲ್ಲರೂ ನನ್ನ ಡಬ್ಬಿಯ ಚಿತ್ರಾನ್ನದ ಪಕ್ಕದಲ್ಲೇ ಬಂದು ಹೋದರು.

ಹೆಡಿಂಗ್ ಹಾಕುವ ಹೊತ್ತು ಬಂದಾಗ ಮೇಡಂ ಹೇಳಿದ್ದು ನೆನಪಿರಲಿಲ್ಲವೇ? ನೆನಪಿತ್ತು. ಇದನ್ನು ಮುಚ್ಚಿಡುವುದಿಲ್ಲ. ಮೊದಲ ಅಧ್ಯಾಯಕ್ಕೆ ಹೆಡಿಂಗ್ ಒನ್ ಕ್ಲಿಕ್ ಮಾಡಿಯೂ ನೋಡಿದೆ. ನೀಲಿ ಬಣ್ಣ ಬಂತು, ಅಕ್ಷರಗಳು ಚೌಕಚೌಕ ಡಬ್ಬಿಗಳಾದವು. ಥೂ ಎಂದು ಅಳಿಸಿ ನನ್ನ ಅಜ್ಜನನ್ನೇ ಹಾಕಿದೆ. ದೊಡ್ಡ, ದಪ್ಪ, ನಡುವಿಗೆ ಕೂತ ಕನ್ನಡ ಅಕ್ಷರ. ನೋಡಲು ಎಷ್ಟು ಲಕ್ಷಣವಾಗಿತ್ತು! ಅಪ್ಪ ಹಾಕಿದೆ, ಮಗ ಹಾಕಿದೆ, ಅಡಿಟಿಪ್ಪಣಿಗಳಿಗೆಲ್ಲ ಸೊಸೆ. ಹೆಸರು ಏನಾದರೇನು, ಹೆಡಿಂಗು ಹೆಡಿಂಗೇ, ಯಂತ್ರಕ್ಕೂ ಅಷ್ಟು ತಿಳಿಯುತ್ತದೆ ಎಂದುಕೊಂಡೆ. ಎರಡು ಸಂಪುಟವನ್ನೂ ಒಂದೇ ಫೈಲಿನಲ್ಲಿ ಸೇರಿಸಿದೆ, ಎರಡೆರಡು ತೆರೆಯುವ ತಾಪತ್ರಯ ಬೇಡವೆಂದು. ವೆಬ್ ಪೇಜ್ ಮಾಡಿ, ಮೇಲಿಂದ ಕೆಳಗಿನವರೆಗೆ ಓಡಿಸಿ ಪರೀಕ್ಷೆ ಮಾಡಿದೆ. ಯಾವುದರಿಂದ ಪರೀಕ್ಷೆ ಮಾಡಿದೆ? ಕಣ್ಣಿನಿಂದ. ಓದುವ ಸಾಫ್ಟ್‌ವೇರು ನನ್ನ ಅಂಗಡಿಯಲ್ಲಿ ಇರಲಿಲ್ಲ, ಹಾಕಿಸಬೇಕೆಂದು ತೋಚಲೂ ಇಲ್ಲ.

ಸೀಡಿ ತೆಗೆದುಕೊಳ್ಳಲು ಬಂದ ದಿನ ಮೇಡಂ ಪರ್ಸು ತೆರೆದು, "ಎಷ್ಟಾತ್ರಿ ಅಕ್ಕಾರ?" ಎಂದರು.

"ಏನೂ ಬೇಡ ಮೇಡಂ."

"ಹಂಗ ಹೆಂಗ್ರಿ? ಮೂರು ತಿಂಗಳ ಕೆಲಸ."

"ನಮ್ಮತ್ತೆ ಹೇಳವ್ರೆ, ಇದು ದಾಸೋಹ. ದುಡ್ಡು ಕೊಟ್ರೆ ನಾನು ಸೀಡಿ ಕೊಡಲ್ಲ ನೋಡಿ."

ತೆರೆದ ಪರ್ಸನ್ನು ಹಿಡಿದುಕೊಂಡು ಅವರು ಸ್ವಲ್ಪ ಹೊತ್ತು ಹಾಗೇ ನಿಂತರು. ಮುಖ ಚಿಕ್ಕದಾಯಿತು. ಉಪಕಾರಕ್ಕೆ ಮನಸ್ಸು ತುಂಬಿ ಬಂದಿದೆ ಎಂದು ನಾನು ತಿಳಿದೆ. "ಭಾಳ ಉಪಕಾರ ಆತ್ರಿ" ಎಂದು ಕೈಮುಗಿದರು. ನಾನು ಬೆಂಚಿನಲ್ಲಿ ಕೂತಿದ್ದ ಇಬ್ಬರು ಗಿರಾಕಿಗಳತ್ತ ಒಮ್ಮೆ ನೋಡಿದೆ, ಅವರು ಇದನ್ನೆಲ್ಲ ಗಮನಿಸುತ್ತಿದ್ದಾರೋ ಇಲ್ಲವೋ ಎಂದು.

ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಆ ನಡುವೆ ಅವರು ಒಮ್ಮೆ ಬಂದರು. ಥೀಸಿಸ್ ಕಾಲ. ಅಂಗಡಿ ತುಂಬ ಹುಡುಗರು. ಒಬ್ಬ ಮಾರ್ಜಿನ್ ತಪ್ಪಿದೆ ಎಂದು ರಂಪ ಮಾಡುತ್ತಿದ್ದ. ಮೇಡಂ ಬಾಗಿಲಲ್ಲೇ ಬಹಳ ಹೊತ್ತು ಕಾದು, ನನ್ನ ದನಿ ಸ್ವಲ್ಪ ತಣ್ಣಗಾದ ಮೇಲೆ ಕೇಳಿದರು.

"ಅಕ್ಕಾರ, ಹೆಡಿಂಗ್ ಎಲ್ಲಾ ಹಾಕೀರಲ್ರೀ?"

"ಹಾಕಿದೀನಿ ಮೇಡಂ! ಒಂದೊಂದಕ್ಕೂ ಕೂತು ಹಾಕಿದೀನಿ! ಬೇಕಾದ್ರೆ ಇಲ್ಲಿರೋ ಹುಡುಗ್ರನ್ನೇ ಕೇಳಿ, ತೆಗೆದು ತೋರಿಸ್ತೀನಿ."

"ಇಲ್ರೀ ಇಲ್ರೀ, ಹಂಗಾದ್ರ ನಮ್ಮ ಮಷಿನ್ದೇ ಏನೋ ಇರಬೇಕು. ಸುಮ್ಮ ಕೇಳಿದ್ನಿ. ಪುಸ್ತಕ ಭಾಳ ಚೊಲೋ ಆಗೇತ್ರಿ."

ಭಾಳ ಚೊಲೋ ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಒಂದು ನಿಮಿಷ ಕೂತು, ಮಷಿನ್ನಿಗೆ ಏನಾಗಿದೆ ಎಂದು ಕೇಳಿದ್ದರೆ ಸಾಕಿತ್ತು. ಇನ್ನೂ ಮೂರು ತಿಂಗಳು ಉಳಿದಿತ್ತು. ನಾನು ಮಾರ್ಜಿನ್ ಹುಡುಗನ ಕಡೆ ತಿರುಗಿದೆ.

ಪರೀಕ್ಷೆ ಆಯಿತು. ಅವರಿಗೆ ಪ್ರಶ್ನೆ ಓದಿ ಹೇಳಿ ಉತ್ತರ ಬರೆಯಲು ಯಾರನ್ನೋ ಕೊಟ್ಟಿದ್ದರಂತೆ. ಕೆಲವು ತಿಂಗಳ ಮೇಲೆ ಆಯ್ಕೆಪಟ್ಟಿಯೂ ಬಂತು. ನನ್ನ ಅಂಗಡಿಯಲ್ಲೇ ಒಬ್ಬ ಹುಡುಗ ಅದನ್ನು ಪ್ರಿಂಟು ತೆಗೆಸಿದ. ಪ್ರಿಂಟರಿನಿಂದ ಒಂದೊಂದೇ ಹಾಳೆ ಬರುವಾಗ ಇತಿಹಾಸದ ಹಾಳೆಯನ್ನು ಎತ್ತಿಕೊಂಡು ಬೆರಳಿಟ್ಟು ಹುಡುಕಿದೆ. ಮೇಲಿಂದ ಕೆಳಕ್ಕೆ ನೋಡಿದೆ, ಕೆಳಗಿಂದ ಮೇಲಕ್ಕೂ ನೋಡಿದೆ. ಅಂಗವಿಕಲರ ಪಟ್ಟಿ ಬೇರೆ ಇತ್ತು, ಅದರಲ್ಲೂ ಇರಲಿಲ್ಲ. ಸರ್ಕಾರವನ್ನು ಬೈದೆ. ಲಂಚ ತಿಂದಿರುತ್ತಾರೆ ಎಂದೆ. ಪ್ರಿಂಟ್ ತೆಗೆಸಿದ ಹುಡುಗ, "ಹೌದು ಆಂಟಿ, ಎಲ್ಲಾ ಸೆಟ್ಟಿಂಗು" ಎಂದ. ನಮ್ಮಿಬ್ಬರಿಗೂ ಸ್ವಲ್ಪ ಸಮಾಧಾನವಾಯಿತು.

ಅದಾದ ಮೇಲೆ ಒಂದು ದಿನ ಸಂಜೆ ಐದರ ಹೊತ್ತಿಗೆ ಮೇಡಂ ಬಂದರು. ಕಾಲೇಜಿನವರು ಮುಂದಿನ ವರ್ಷಕ್ಕೆ ಬೇಡ ಎಂದಿದ್ದರು. ಹಾಸ್ಟೆಲ್ ಖಾಲಿ ಮಾಡಬೇಕು, ನಾಳೆ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ, ನಿಮಗೆ ಹೇಳದೆ ಹೋಗಲು ಮನಸ್ಸಾಗಲಿಲ್ಲ ಎಂದರು. ಒಂದು ಡಬ್ಬಿಯಲ್ಲಿ ಕರದಂಟು ತಂದಿದ್ದರು. ನಾನು ಪಕ್ಕದ ಹೋಟೆಲಿನಿಂದ ಎರಡು ಟೀ ತರಿಸಿ, ಸರ್ಕಾರವನ್ನು ಬೈಯುವ ಕೆಲಸ ಮುಂದುವರಿಸಿದೆ. ಅವರು ಕೇಳುವಷ್ಟು ಕೇಳಿ, "ಹಂಗಲ್ರೀ ಅಕ್ಕಾರ, ನನಗ ಬರಲಿಲ್ಲ" ಎಂದರು.

"ಬರಲಿಲ್ಲ ಅಂದ್ರೆ? ಇಡೀ ಪುಸ್ತಕ ಇತ್ತಲ್ಲ ನಿಮ್ಮ ಹತ್ರ?"

"ಇತ್ರೀ. ಕಡೀ ಭಾಗಕ್ಕ ಹೋಗಾಕ ಆಗಲಿಲ್ಲ. ಪ್ರಶ್ನೆ ಎಲ್ಲ ಅಲ್ಲಿಂದನ ಬಂದ್ವು. ಮೈಸೂರು ಅರಸರು, ಏಕೀಕರಣ."

"ಎಚ್ ಒತ್ತಿದ್ರೆ ಹೋಗತ್ತೆ ಅಂದಿದ್ರಿ."

ಅವರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಎಚ್ ಒತ್ತಿದ್ರ ಹೆಡಿಂಗ್ ಇಲ್ಲ ಅಂತಿತ್ರಿ."

ನನಗೆ ಆಗಲೂ ಪೂರಾ ಹೊಳೆಯಲಿಲ್ಲ. ಅವರೇ ನಿಧಾನವಾಗಿ ಬಿಡಿಸಿ ಹೇಳಿದರು. ಫೈಲು ತೆರೆದರೆ ಪ್ರತಿದಿನವೂ ಮೊದಲಿನಿಂದಲೇ ಶುರುವಾಗುತ್ತಿತ್ತು. ಹುಡುಕಲು ಆ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವ ಏರ್ಪಾಡಿಲ್ಲ. ಬಾಣದ ಕೀಲಿಯನ್ನು ಒತ್ತಿ ಹಿಡಿದರೆ ಎಲ್ಲೆಲ್ಲಿಗೋ ಇಳಿಯುತ್ತಿತ್ತು. ಬಸ್ಸಿನಲ್ಲಿ ನಿದ್ದೆಯಿಂದ ಎದ್ದವರು ಯಾವ ಸ್ಟಾಪು ಎಂದು ಕೇಳುವಂತೆ, ಯಾವ ರಾಜನ ಹೆಸರು ಬರುತ್ತದೆ ಎಂದು ಕಾದು ಕೇಳಬೇಕು. ಅಷ್ಟರಲ್ಲಿ ಗಂಟೆ ಮುಗಿಯಿತೆಂದು ಲೈಬ್ರರಿಯವರು ಎಬ್ಬಿಸುವರು. ಮರುದಿನ ಮತ್ತೆ ಮೊದಲಿನಿಂದ.

"ಶಿಲಾಯುಗ ಮಾತ್ರ ನನ್ನಷ್ಟು ಯಾರಿಗೂ ಗೊತ್ತಿಲ್ರೀ" ಎಂದು ನಕ್ಕರು. ನಂಬುವುದಿಲ್ಲವೇ ಎಂಬಂತೆ ಮೊದಲ ಅಧ್ಯಾಯವನ್ನು ಹೇಳತೊಡಗಿದರು. ಕೊಡಲಿ, ಚೂರಿ, ಉಜ್ಜುವ ಕಲ್ಲು, ಯಾವುದು ಯಾವ ನದಿಯ ದಂಡೆಯಲ್ಲಿ ಸಿಕ್ಕಿತು ಎಂಬುದೆಲ್ಲ ವಾಕ್ಯ ವಾಕ್ಯವಾಗಿ ಬಂತು. ಆಮೇಲೆ, ಆ ಅಧ್ಯಾಯಕ್ಕೂ ಮೊದಲು ಬರುವ ಇನ್ನೊಂದನ್ನು ಹೇಳಿದರು. ಪುಸ್ತಕದ ಆರಂಭಕ್ಕೆ ನಾನೇ ಒಂದು ಅರಿಕೆ ಬರೆದು ಸೇರಿಸಿದ್ದೆ: ಬೆಳಕು ಕಾಣದವರ ಬಾಳಿಗೆ ಹಣತೆ ಹಚ್ಚುವ ಈ ಪುಣ್ಯಕಾರ್ಯದಲ್ಲಿ ಅಳಿಲು ಸೇವೆ ಸಲ್ಲಿಸಿದ್ದೇನೆ, ಪ್ರತಿಫಲಾಪೇಕ್ಷೆ ಇಲ್ಲ, ಇತ್ಯಾದಿ, ಒಂದು ಪುಟ. ಯಂತ್ರ ದಿನಾ ಮೊದಲು ಅದನ್ನು ಓದುತ್ತಿತ್ತು. ನಾಲ್ಕು ತಿಂಗಳು, ದಿನಾ. ನನ್ನ ಅರಿಕೆಯನ್ನು ಒಂದು ಅಕ್ಷರ ತಪ್ಪದೆ, ಯಂತ್ರದ ಮೂಗಿನ ರಾಗದಲ್ಲೇ ಅವರ ಬಾಯಲ್ಲಿ ಕೇಳಿದೆ. ಅವರು ಅಣಕಿಸುತ್ತಿರಲಿಲ್ಲ. ನನಗೆ ಆ ಮೆಟ್ಟಿಲ ಕೆಳಗೆ ಇನ್ನೂ ಒಳಕ್ಕೆ ಹೋಗಿ ಅಡಗಿಕೊಳ್ಳಬೇಕೆನ್ನಿಸಿತು.

"ಸ್ಟೈಲಿಗೆ ಹೆಸರು ಏನ್ ಇಟ್ಟಿದ್ರಿ ಅಕ್ಕಾರ?"

"ಅಜ್ಜ" ಎಂದೆ.

ಜೋರಾಗಿ ನಕ್ಕುಬಿಟ್ಟರು. ನಿಜವಾದ ನಗು, ಕಣ್ಣಲ್ಲಿ ನೀರು ಬರುವಷ್ಟು. "ಅಜ್ಜ ಅಂದ್ರ ಆ ಮಷಿನ್ನಿಗೆ ಹೆಂಗ ತಿಳೀಬೇಕ್ರೀ? ಅದಕ್ಕ ಹೆಡಿಂಗ್ ಅನ್ನೂ ಹೆಸರೊಂದ ಗೊತ್ತು. ಉಳಿದದ್ದೆಲ್ಲ ಬರೇ ಪ್ಯಾರಾ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫೈಲು ತೆರೆದೆ. ಸ್ಟೈಲುಗಳ ಪಟ್ಟಿಯಲ್ಲಿ ಅಜ್ಜನ ಮೇಲೆ ಬಲಗಡೆಯ ಗುಂಡಿ ಒತ್ತಿದರೆ, ಎಲ್ಲ ಅಜ್ಜಂದಿರನ್ನೂ ಒಟ್ಟಿಗೆ ಆರಿಸಿಕೊಳ್ಳುವ ಒಂದು ಸಾಲು ಅಲ್ಲೇ ಇತ್ತು. ಆರಿಸಿ ಹೆಡಿಂಗ್ ಒನ್ ಕ್ಲಿಕ್ ಮಾಡಿದೆ. ಎಲ್ಲವೂ ನೀಲಿಯಾದವು. ನೀಲಿಯನ್ನು ಕಪ್ಪು ಮಾಡುವುದಕ್ಕೂ, ಕನ್ನಡ ಫಾಂಟನ್ನು ಕೂರಿಸುವುದಕ್ಕೂ ಅಲ್ಲೇ ಇನ್ನೊಂದು ಸಾಲಿತ್ತು. ಅಷ್ಟು ವರ್ಷ ನಾನು ಅದನ್ನು ಒತ್ತಿಯೇ ನೋಡಿರಲಿಲ್ಲ. ಅಪ್ಪಂದಿರು ಹೆಡಿಂಗ್ ಟೂ ಆದರು, ಮಕ್ಕಳು ಹೆಡಿಂಗ್ ತ್ರೀ. ಮುಗಿದಾಗ ಅವರ ಲೋಟದಲ್ಲಿ ಇನ್ನೂ ಟೀ ಉಳಿದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನ ಒಲೆ ಉರಿದದ್ದು ಯಾರ ಊಟಕ್ಕೂ ಅಲ್ಲ. ಅಣ್ಣನ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇದ್ದರೂ ಇನ್ನು ಯಾವ ಪರೀಕ್ಷೆಗೂ ಅವರನ್ನು ಕೂರಿಸುವುದಿಲ್ಲ. ಆದರೂ ಸೀಡಿ ಬರೆದು ಕೈಗಿಟ್ಟೆ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಅವರು ಅದನ್ನು ಸೀರೆಯ ಸೆರಗಿನಿಂದ ಒರೆಸಿ, ಜೋಪಾನವಾಗಿ ಚೀಲದೊಳಗೆ ಇಟ್ಟುಕೊಂಡರು.

"ಮೊದಲನೇ ದಿನಾನೇ ಗೊತ್ತಾಗಿರಬೇಕಲ್ಲ ನಿಮಗೆ?" ಎಂದು ಕೇಳಿದೆ.

"ಗೊತ್ತಾಗಿತ್ರಿ."

"ಮತ್ತೆ ಬಂದು ಹೇಳಬಾರದಾ? ಇಷ್ಟೇ ಕೆಲಸ! ನೋಡಿದ್ರಲ್ಲ, ಟೀ ಕುಡಿಯೋವಷ್ಟರಲ್ಲಿ ಆಯ್ತು!"

"ಹೇಳಾಕ ಅಂತನ ಬಂದಿದ್ನಿ ಒಂದಿನ. ನೀವು ಹಾಕೀನಿ ಅಂದ್ರಿ." ಚೀಲದ ಬಾಯಿ ಮುಚ್ಚುತ್ತಾ ಹೇಳಿದರು. "ರೊಕ್ಕ ತಗೊಂಡಿದ್ರ ಹೇಳ್ತಿದ್ನಿ ನೋಡ್ರಿ. ರೊಕ್ಕ ಕೊಟ್ಟಲ್ಲಿ ಜಗಳಾ ಮಾಡಬಹುದು. ದಾನಕ್ಕ ಬಂದ ಎಮ್ಮಿ ಹಲ್ಲು ಹಿಡಿದು ನೋಡಬಾರದು ಅಂತಾರಲ್ರೀ. ನಮಗ ಬರೂದೆಲ್ಲ ಹಂಗ ಬಂದದ್ದ."

ಇದನ್ನು ಅವರು ದೂರಾಗಿ ಹೇಳಲಿಲ್ಲ. ಇತಿಹಾಸದ ಒಂದು ಸಂಗತಿ ವಿವರಿಸುವ ಹಾಗೆ, ಪಾಠದ ದನಿಯಲ್ಲಿ ಹೇಳಿದರು. ದಾಸೋಹ ಎಂದು ಬೀಗಿದ ನಾನು ಅವರ ಕೈಯಿಂದ ಕಿತ್ತುಕೊಂಡದ್ದು ಬೈಯುವ ಹಕ್ಕನ್ನು. ಆ ಹುಡುಗ ಮಾರ್ಜಿನ್ನಿಗೆ ರಂಪ ಮಾಡಿ ಸರಿಮಾಡಿಸಿಕೊಂಡು ಹೋದ, ಯಾಕೆಂದರೆ ಅವನು ಗಿರಾಕಿ. ಇವರು ಗಿರಾಕಿಯಾಗಲು ಪರ್ಸು ತೆರೆದುಕೊಂಡು ನಿಂತಿದ್ದರು, ನಾನು ಬಿಡಲಿಲ್ಲ.

ಹೊತ್ತಾಯಿತು ಎಂದು ಅವರು ಎದ್ದರು. ಕೆಂಗೇರಿಯ ಬಸ್ಸು ರಸ್ತೆಯ ಆ ಕಡೆ ನಿಲ್ಲುತ್ತದೆ. ಆ ಹೊತ್ತಿಗೆ ಆಫೀಸು ಬಿಟ್ಟ ಗಾಡಿಗಳೆಲ್ಲ ಒಟ್ಟಿಗೆ ನುಗ್ಗುತ್ತಿದ್ದವು. ರಸ್ತೆ ಅಗೆದು ಹಾಕಿದ್ದ ಮಣ್ಣಿನ ಗುಡ್ಡೆ ಬೇರೆ. ಅಂಗಡಿಯ ಬಾಗಿಲು ಎಳೆದುಕೊಂಡು ನಾನೂ ಜೊತೆಗೆ ಹೊರಟೆ. ರಸ್ತೆಯ ಅಂಚಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಮೇಡಂ, ನಿಮ್ಮ ಕೆಲಸ ಹೋಗಿದ್ದು ನನ್ನಿಂದ. ಒಂದು ಮಾತಾದ್ರೂ ಬೈಯಿರಿ. ಈಗಲಾದ್ರೂ."

ಅವರು ನನ್ನ ಮೊಣಕೈಯನ್ನು ತಡವಿ, ಮೇಲ್ಗಡೆ ಗಟ್ಟಿಯಾಗಿ ಹಿಡಿದುಕೊಂಡರು. ಮುಖ ಗಾಡಿಗಳ ಸದ್ದಿನ ಕಡೆಗಿತ್ತು.

"ಈಗ ಹೆಂಗ ಬೈಲಿ ಅಕ್ಕಾರ?" ಎಂದರು. "ಇನ್ನೂ ರಸ್ತೆ ದಾಟಬೇಕಲ್ರೀ."

ನಾನು ಕೈ ಅಡ್ಡ ಹಿಡಿದು ಒಂದು ಆಟೋ ನಿಲ್ಲಿಸಿದೆ, ಒಂದು ಬೈಕಿನವನಿಗೆ ಕೂಗಿದೆ, ಆ ಕಡೆಗೆ ದಾಟಿಸಿದೆ. ಬಸ್ಸು ಬಂತು. ಮೆಟ್ಟಿಲು ಹತ್ತುವ ಮೊದಲು ಅವರು ತಿರುಗಿ ನಿಂತು, ಭಾಳ ಉಪಕಾರ ಆತ್ರಿ ಎಂದರು.